ಒಂದು ದಿನದ ಶಿಬಿರವೂ ಮಾರನೆಯ ದಿನದ ಹೊಣೆಯೂ

ಒಳ್ಳೇ ಸಮಾರ್ಯದವನ ಸಾಮ್ಯವನ್ನು ನಮ್ಮ ಆದಿತ್ಯವಾರದ ಶಾಲೆಯ ಮಕ್ಕಳು ಸಹ ತಡವರಿಸದೆ ಹೇಳಬಲ್ಲರು. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಬಿದ್ದವನನ್ನು ಯಾಜಕನು ನೋಡಿಯೂ ನೋಡದವನಂತೆ ಹೋದದ್ದು, ಲೇವಿಯನು ಹಾಗೆಯೇ ಮಾಡಿದ್ದು, ಅನ್ಯನೆನಿಸಿಕೊಂಡ ಸಮಾರ್ಯದವನು ಮಾತ್ರ ಇಳಿದು ಗಾಯಗಳಿಗೆ ಎಣ್ಣೆ ಸವರಿ ಕಟ್ಟಿದ್ದು, ಇಷ್ಟನ್ನು ಹೇಳಿ ಮಕ್ಕಳು ಕಥೆಯನ್ನು ಮುಗಿಸಿಬಿಡುತ್ತಾರೆ. ಕರ್ತನು ಅಲ್ಲಿಗೆ ಮುಗಿಸಲಿಲ್ಲ. ಆ ಸಾಮ್ಯದಲ್ಲಿ ಮಾರನೆಯ ದಿನವೊಂದು ಉಂಟು. ಸಮಾರ್ಯದವನಿಗೆ ತನ್ನ ಕೆಲಸವಿದ್ದದರಿಂದ ಅವನು ಹೊರಡಲೇಬೇಕಾಯಿತು. ಹೊರಡುವಾಗ ಛತ್ರದವನ ಕೈಗೆ ಹಣವಿಟ್ಟು, ರೋಗಿಯನ್ನು ಅವನಿಗೆ ಒಪ್ಪಿಸಿ, ಮೇಲೆ ತಗಲುವ ವೆಚ್ಚವನ್ನು ತಿರಿಗಿ ಬಂದಾಗ ತೀರಿಸುವದಾಗಿ ಮಾತು ಕೊಟ್ಟನು. ಮೊದಲನೆಯ ದಿನದ ಎಣ್ಣೆಯನ್ನು ಕುರಿತು ನಾವು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಎರಡನೆಯ ದಿನದ ಆ ಮಾತನ್ನು ಕುರಿತು ಕೇಳಿದ್ದು ಅಪರೂಪವೇ ಸರಿ.

ಪ್ರಿಯ ವಾಚಕರೇ, ಈ ವಿಷಯವನ್ನು ಈಗ ಎತ್ತುವದಕ್ಕೆ ಕಾರಣವುಂಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಊರುಗಳ ಸುತ್ತಲಿನ ಹಳ್ಳಿಗಳಿಗೂ ತಾಂಡಾಗಳಿಗೂ ವೈದ್ಯವಿದ್ಯೆ, ದಂತವಿದ್ಯೆ, ನರ್ಸಿಂಗ್, ಫಾರ್ಮಸಿ ಕಲಿಯುವ ತರುಣ ತರುಣಿಯರು ಮೋಟಾರುಗಳಲ್ಲಿ ಬಂದು, ಒಂದು ದಿನ ರೋಗಿಗಳನ್ನು ನೋಡಿ, ಔಷಧ ಹಂಚಿ ಹೋಗುತ್ತಾರೆ. ಜನರು ಇದನ್ನು ಕ್ಯಾಂಪು ಎನ್ನುತ್ತಾರೆ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ೧೯೬೩ರಲ್ಲಿ ಆರಂಭವಾದ ಕಾಲಕ್ಕೆ ಜಿಲ್ಲೆಯಲ್ಲಿ ಅಂಥದು ಬೇರೊಂದಿರಲಿಲ್ಲ. ಈಗ ಆ ಪಟ್ಟಣದಲ್ಲಿಯೇ ನಾಲ್ಕು ಉಂಟು. ನರ್ಸಿಂಗ್ ಶಾಲೆಗಳನ್ನಂತೂ ಎಣಿಸಿದವರಾರು? ಹೀಗಿರಲಾಗಿ ಶಿಬಿರಗಳೂ ಹೆಚ್ಚಿದವು. ನಮ್ಮ ಪ್ರಾರ್ಥನಾಲಯಗಳು ಹಳ್ಳಿಯಲ್ಲಿ ನೆರಳೂ ನೆಲಗಲ್ಲೂ ಇರುವ ಕಟ್ಟಡಗಳಾದದರಿಂದ ಅವುಗಳನ್ನು ಕೊಡಬೇಕೆಂದು ಸಭೆಯವರನ್ನು ಕೇಳುವದೂ ಹೆಚ್ಚಿತು. ಕೇಳಿದಾಗ ಏನು ಉತ್ತರ ಕೊಡತಕ್ಕದ್ದು? ಒಳ್ಳೇ ಕೆಲಸವಲ್ಲವೇ, ಬೀಗದ ಕೈ ಕೊಟ್ಟರಾಯಿತು ಎಂದು ನಾನೂ ಬಹುಕಾಲ ಎಣಿಸಿದ್ದೆನು.

ನಾನು ಉಪದೇಶಿಯಾಗಿ ಸೇವೆ ಮಾಡುವ ಹಳ್ಳಿಯು ಚಿತ್ತಾಪುರ ತಾಲೂಕಿನಲ್ಲಿ ಕಲ್ಲುಗಣಿಗಳ ಹತ್ತಿರವಿದೆ. ಕೆಲವು ವರುಷಗಳ ಕೆಳಗೆ, ಪುನರುತ್ಥಾನದ ಹಬ್ಬದ ಹಿಂದಿನ ವಾರದಲ್ಲಿ, ಒಂದು ಕಾಲೇಜಿನವರು ನಮ್ಮಲ್ಲಿ ಶಿಬಿರ ನಡಿಸಿದರು. ಹಿಂದಿನ ಸಾಯಂಕಾಲ ಮನೆಮನೆಗೆ ಹೋಗಿ ತಿಳಿಸಿದವನೂ, ಬೆಳಿಗ್ಗೆ ಗಂಟೆ ಬಾರಿಸಿದವನೂ, ಬಂದವರ ಹೆಸರುಗಳನ್ನು ಬರೆದುಕೊಂಡವನೂ ನಾನೇ. ಇನ್ನೂರಕ್ಕಿಂತ ಹೆಚ್ಚು ಜನರು ಬಂದರು. ಕ್ರಿಸ್ಮಸ್ ದಿನದಲ್ಲಿಯೂ ಕಾಣದ ಗುಂಪನ್ನು ಕಂಡು ನನ್ನ ಮನಸ್ಸು ಉಬ್ಬಿತೆಂಬದನ್ನು ಮರೆಮಾಡಲಾರೆನು.

ನಮ್ಮ ಸಭೆಯ ಒಬ್ಬ ವಿಧವೆಯು ಆ ಸಾಲಿನಲ್ಲಿದ್ದಳು. ಎರಡನೆಯ ವರುಷದ ಓದಿನಲ್ಲಿದ್ದ ಹುಡುಗಿಯೊಬ್ಬಳು ಆಕೆಯ ತೋಳಿಗೆ ಪಟ್ಟಿ ಕಟ್ಟಿ ನೋಡಿ, ಬಿ.ಪಿ. ಬಹಳ ಏರಿದೆ ಎಂದು ಹೇಳಿ, ಮೇಲಿನವರಿಂದ ಬರೆಯಿಸಿಕೊಂಡು ಹತ್ತು ಗುಳಿಗೆಗಳನ್ನು ತಂದು ಕೊಟ್ಟಳು. ದಿನಾಲು ಒಂದು ತೆಗೆದುಕೊಳ್ಳಬೇಕು ಅಜ್ಜೀ ಎಂದಳು. “ದಿನಾ ಅಂದ್ರ ಎಲ್ಲಿತನಾ ಯವ್ವಾ?” ಎಂದು ಮುದುಕಿಯು ಕೇಳಿದಳು. ಒಳ್ಳೇ ಪ್ರಶ್ನೆ, ಆ ದಿನ ಆ ಕೋಣೆಯಲ್ಲಿ ಯಾರೂ ಅದಕ್ಕಿಂತ ಒಳ್ಳೇ ಪ್ರಶ್ನೆಯನ್ನು ಕೇಳಲಿಲ್ಲ. ಹುಡುಗಿಯು ಉತ್ತರಕ್ಕಾಗಿ ಹಿರಿಯರ ಕಡೆಗೆ ತಿರುಗುವಷ್ಟರಲ್ಲಿ ಹಿಂದಿನವರು ನೂಕಿದರು, ಸಾಲು ಮುಂದೆ ಸರಿಯಿತು. ನಾಲ್ಕು ಗಂಟೆಗೆ ಮೋಟಾರು ಕೂಗಿತು. ಬಾಗಿಲ ಮುಂದೆ ಬಟ್ಟೆಯ ಫಲಕವನ್ನು ಹಿಡಿದು ಎಲ್ಲರೂ ಫೋಟೋ ತೆಗೆಯಿಸಿಕೊಂಡೆವು. ನಾನು ನಡುವೆ ನಿಂತಿದ್ದೆನು.

ಹನ್ನೊಂದನೆಯ ದಿನ ಆಕೆಯು ಬರಿದಾದ ಗುಳಿಗೆಯ ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನ ಬಳಿಗೆ ಬಂದಳು. “ಅಯ್ಯನವರ, ಗುಳಿಗಿ ತೀರ್ಯಾವ. ಬ್ಯಾನಿ ತೀರೇದೋ ಇಲ್ಲೋ?” ಎಂದು ಕೇಳಿದಳು. ತಲೆನೋವುಂಟೋ ಎಂದು ಕೇಳಿದೆನು. ಇಲ್ಲವೆಂದಳು. ಹಾಗಾದರೆ ದೇವರ ದಯೆಯಿಂದ ಗುಣವಾಗಿರಬೇಕು ಎಂದು ಹೇಳಿ ಪ್ರಾರ್ಥನೆ ಮಾಡಿ ಕಳುಹಿಸಿದೆನು. ಶ್ರಾವಣದಲ್ಲಿ ತೊಗರಿಯ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಆಕೆಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ತೊದಲಾಯಿತು. ಗುಳಿಗೆ ತಪ್ಪದೆ ಇದ್ದಿದ್ದರೆ ಹಾಗಾಗುತ್ತಿರಲಿಲ್ಲವೆಂದು ನಿಶ್ಚಯವಾಗಿ ಹೇಳಲು ನಾನು ವೈದ್ಯನಲ್ಲ. ಆದರೆ ರಕ್ತದೊತ್ತಡವು ನೋವಿಲ್ಲದೆ ಇರುವ ರೋಗವೆಂದೂ, ಅದರ ಗುಳಿಗೆಯು ಸಾಮಾನ್ಯವಾಗಿ ಜೀವಮಾನದ ಗುಳಿಗೆಯೆಂದೂ, ಒಂದೇ ಸಾರಿ ಅಳತೆ ಮಾಡಿ ಬಿಟ್ಟುಬಿಡದೆ ತಿರಿಗಿ ತಿರಿಗಿ ನೋಡಬೇಕೆಂದೂ, ಎಂಟು ಕಿಲೋಮೀಟರಿನ ಆಚೆ ಸರಕಾರದ ಆರೋಗ್ಯ ಕೇಂದ್ರದಲ್ಲಿ ಅದು ಹಣವಿಲ್ಲದೆ ಸಿಕ್ಕುತ್ತಿತ್ತೆಂದೂ ಆ ಮೇಲೆ ನನಗೆ ತಿಳಿದುಬಂತು. ಇಷ್ಟನ್ನು ಆಕೆಗೆ ಹೇಳಲು ಐದು ನಿಮಿಷ ಸಾಕಾಗಿತ್ತು. ಶಿಬಿರದವರು ಹೇಳಲಿಲ್ಲ. ಕೇಳಿ ತಿಳಿದುಕೊಳ್ಳಬೇಕಾಗಿದ್ದ ನಾನು ಕೇಳಲಿಲ್ಲ. ತಿಳಿಯದವನು ಸುಮ್ಮನಿರಬೇಕಾಗಿದ್ದ ಸ್ಥಳದಲ್ಲಿ ದೇವರ ಹೆಸರು ಹೇಳಿ ಉತ್ತರ ಕೊಟ್ಟೆನು. ಈ ಪಾಪದಲ್ಲಿ ನನ್ನ ಪಾಲೇ ದೊಡ್ಡದೆಂದು ಬರೆಯುವದಕ್ಕೆ ನನಗೆ ನಾಚಿಕೆಯಿಲ್ಲ.

ಏನೂ ಇಲ್ಲದದಕ್ಕಿಂತ ಇಷ್ಟಾದರೂ ಲೇಸಲ್ಲವೇ ಎಂದು ಯಾರಾದರೂ ಕೇಳಾರು. ಒಳ್ಳೇ ಮನಸ್ಸಿನವರೇ ಹೀಗೆ ಕೇಳುವದರಿಂದ ಇದನ್ನು ತಳ್ಳಿಬಿಡಲಾಗದು. ಕೆಲವು ಸಂಗತಿಗಳಲ್ಲಿ ಅದು ನಿಜವೇ. ಹುಳುಬಿದ್ದ ಹಲ್ಲನ್ನು ಕಿತ್ತರೆ ನೋವು ಅಂದೇ ತೀರುವದು. ಮಗುವಿನ ಹುಳದ ಔಷಧವೂ ಒಂದು ಗುಟುಕಿನ ಕೆಲಸ. ಆದರೆ ಎಲ್ಲಾ ರೋಗಗಳು ಹೀಗಲ್ಲ. ನಮ್ಮ ಕಡೆಯ ಕಲ್ಲುಗಣಿಯ ಕೆಲಸದವನನ್ನು ನೋಡಿರಿ. ಶಹಾಬಾದ ಕಲ್ಲು ಎಂದು ದೂರದ ಸೀಮೆಯವರೂ ಬಲ್ಲ ಹಾಸುಗಲ್ಲನ್ನು ಅವನು ಕೊಯ್ದು ಕೆತ್ತುತ್ತಾನೆ, ಧೂಳನ್ನು ಕುಡಿಯುತ್ತಾನೆ, ತಿಂಗಳುಗಟ್ಟಲೆ ಕೆಮ್ಮುತ್ತಾನೆ. ಅದು ಧೂಳಿನ ಕೆಮ್ಮೋ ಕ್ಷಯವೋ ಎಂಬದು ಕಫದ ಪರೀಕ್ಷೆಯಿಲ್ಲದೆ ತಿಳಿಯದು. ಕ್ಷಯವಾದರೆ ಆರು ತಿಂಗಳಾದರೂ ಬಿಡದೆ ಔಷಧ ಬೇಕು. ಶಿಬಿರದಲ್ಲಿ ಅವನಿಗೆ ಸಿಕ್ಕುವದು ಸಿಹಿಯಾದ ಕೆಮ್ಮಿನ ಔಷಧದ ಒಂದು ಸೀಸೆ. ಡಾಕ್ಟರರು ನೋಡಿದ್ದಾರೆ, ಔಷಧ ಕೊಟ್ಟಿದ್ದಾರೆ ಎಂಬ ಧೈರ್ಯದಿಂದ ಅವನು ಇನ್ನೆರಡು ತಿಂಗಳು ಆಸ್ಪತ್ರೆಯ ಮೆಟ್ಟಲು ಹತ್ತುವದಿಲ್ಲ. ಮನೆಯ ಮಕ್ಕಳು ಅವನ ಬದಿಯಲ್ಲೇ ಮಲಗುತ್ತಾರೆ. ಇಲ್ಲಿ ಏನೂ ಇಲ್ಲದದೇ ಲೇಸಾಗಿತ್ತೋ ಏನೋ. ಏನೂ ಸಿಕ್ಕದಿದ್ದರೆ ಹುಡುಕಿಕೊಂಡಾದರೂ ಹೋಗುತ್ತಿದ್ದನು.

ಇನ್ನು ಗರ್ಭಿಣಿಯರ ವಿಷಯ. ರಕ್ತ ಕಡಿಮೆಯಾಗದಂತೆ ಗರ್ಭಿಣಿಯು ಕಬ್ಬಿಣದ ಗುಳಿಗೆಯನ್ನು ೧೮೦ ದಿನಗಳ ವರೆಗೆ ತೆಗೆದುಕೊಳ್ಳಬೇಕೆಂಬದು ನಮ್ಮ ದೇಶದ ಆರೋಗ್ಯ ಇಲಾಖೆಯ ಕ್ರಮ. ಶಿಬಿರದಲ್ಲಿ ಹತ್ತನ್ನು ಕೊಡುತ್ತಾರೆ. ಮಿಕ್ಕ ನೂರ ಎಪ್ಪತ್ತು ಎಲ್ಲಿಂದ? ಸರಕಾರದಿಂದಲೇ ಸಿಕ್ಕುವವು, ಉಪಕೇಂದ್ರದ ನರ್ಸಬಾಯಿಯೂ ಆಶಾ ಕಾರ್ಯಕರ್ತೆಯೂ ಕೊಡುವರು. ಆದರೂ ಹೆಂಗಸರು ಅವನ್ನು ನುಂಗದೆ ಗೂಡಿನಲ್ಲಿಡುತ್ತಾರೆ. ಯಾಕಂದರೆ ಮಲವು ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ, ಕೂಸಿಗೆ ಕೇಡೆಂದು ಅತ್ತೆಯು ಹೆದರಿಸುತ್ತಾಳೆ. ಆ ಭಯವನ್ನು ತೆಗೆಯಲು ಹೊಸ ಗುಳಿಗೆ ಬೇಡ. ಅತ್ತೆಯ ಸಂಗಡ ಅರ್ಧ ಗಂಟೆ ಕೂಡ್ರುವವರು ಬೇಕು. ನೂರು ರೋಗಿಗಳನ್ನು ನೋಡಬೇಕಾದ ವೈದ್ಯನಿಗೆ ಆ ಅರ್ಧ ಗಂಟೆ ಇಲ್ಲ. ವಿದ್ಯಾರ್ಥಿಗೆ ಉಂಟು. ಅವನಿಗಿರುವ ಸಂಪತ್ತು ಅದೊಂದೇ, ಮತ್ತು ಶಿಬಿರದಲ್ಲಿ ಅವನು ಖರ್ಚುಮಾಡದೆ ಹಿಂದಕ್ಕೆ ತೆಗೆದುಕೊಂಡು ಹೋಗುವದೂ ಅದನ್ನೇ.

ಎರಡನೆಯ ಪ್ರಶ್ನೆಯು ಇನ್ನೂ ಸೂಕ್ಷ್ಮವಾದದ್ದು. ಬಡವರ ಮೈಯ ಮೇಲೆ ಕಲಿಯುವದು ನ್ಯಾಯವೋ? ಅನ್ಯಾಯವೆಂದು ಥಟ್ಟನೆ ಹೇಳಿಬಿಡುವದು ಸುಲಭ. ನಾನು ಹಾಗೆ ಹೇಳಲಾರೆನು. ಪಟ್ಟಣದ ಧನಿಕನ ಎದೆಯನ್ನು ತಪ್ಪದೆ ಪರೀಕ್ಷಿಸುವ ವೈದ್ಯನ ಕೈಯು ಯಾರ ಎದೆಯ ಮೇಲೆ ಕಲಿಯಿತು? ಸರಕಾರಿ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ಕೂಲಿಯವನ ಎದೆಯ ಮೇಲೆ. ಎಲ್ಲಾ ದೇಶಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ ನಡೆದುಬಂದಿದೆ. ಗುಣವಾದ ಪ್ರತಿಯೊಬ್ಬ ಶ್ರೀಮಂತನೂ ಹೆಸರು ತಿಳಿಯದ ಎಷ್ಟೋ ಬಡವರಿಗೆ ಸಾಲಗಾರನಾಗಿದ್ದಾನೆ. ಆದದರಿಂದ ಕಲಿಯುವದರಲ್ಲಿ ದೋಷವಿಲ್ಲ. ಕಲಿಯುತ್ತಿದ್ದೇನೆಂಬದನ್ನು ಮುಚ್ಚಿಡುವದರಲ್ಲಿ ದೋಷ. ಬಿಳೀ ಕೋಟು ಹಾಕಿದವರನ್ನೆಲ್ಲಾ ನಮ್ಮ ಜನರು ಡಾಕ್ಟರೆಂದೇ ಕರೆಯುತ್ತಾರೆ, ಮತ್ತು ಹತ್ತೊಂಬತ್ತು ವರುಷದ ಹುಡುಗನಿಗೆ ಆ ಹೆಸರು ಜೇನಿನಂತೆ ಸಿಹಿಯಾಗಿರುತ್ತದೆ. ಅವನು ತಿದ್ದುವದಿಲ್ಲ. ನೋಂದಣಿಯಿಲ್ಲದವನು ತಾನಾಗಿ ವೈದ್ಯ ಮಾಡಬಾರದೆಂಬ ಕಾಯಿದೆಯು ಕಲಬುರಗಿಯಲ್ಲಿರುವಂತೆ ಚಿಂಚೋಳಿಯ ತಾಂಡಾದಲ್ಲಿಯೂ ಉಂಟು. ನೋಡುವವರು ಮಾತ್ರ ಇರುವದಿಲ್ಲ. ಅಮೆರಿಕಾ ದೇಶದ ವೈದ್ಯಕಾಲೇಜುಗಳ ಸಂಘವು ಪರದೇಶಗಳ ಬಡ ಊರುಗಳಿಗೆ ಸೇವೆಗೆಂದು ಹೋಗುವ ತನ್ನ ವಿದ್ಯಾರ್ಥಿಗಳಿಗೋಸ್ಕರ ೨೦೧೧ರಲ್ಲಿ ಸೂಚನೆಗಳನ್ನು ಪ್ರಕಟಿಸಬೇಕಾಯಿತು. ತನ್ನ ಶಿಕ್ಷಣವು ಮುಟ್ಟದ ಕೆಲಸಕ್ಕೆ ಕೈಹಾಕಬಾರದೆಂಬದು ಅವುಗಳ ತಾತ್ಪರ್ಯ. ಬೇನೆಯು ಲೋಕದಲ್ಲೆಲ್ಲಾ ಒಂದೇ ಎಂಬದು ಇದರಿಂದ ತೋರುತ್ತದೆ.

ನಾನು ಕಲಿಯುವವನು, ನಿಮ್ಮ ನಾಡಿಯನ್ನು ನೋಡಬಹುದೋ ಎಂದು ಒಬ್ಬ ವಿದ್ಯಾರ್ಥಿಯು ಕೇಳಲಿ. ನಮ್ಮ ಜನರು ಬೇಡವೆನ್ನುವರೆಂದು ನನಗೆ ತೋರುವದಿಲ್ಲ. ನೋಡಪ್ಪಾ, ಕಲಿತು ದೊಡ್ಡವನಾಗು ಎಂದು ತೋಳನ್ನು ಚಾಚುವರು. ಆಗ ಅವರು ಭಿಕ್ಷೆ ತೆಗೆದುಕೊಳ್ಳುವವರಲ್ಲ, ವಿದ್ಯಾದಾನ ಮಾಡುವವರು. ಒಂದೇ ತೋಳು, ಒಂದೇ ನಾಡಿ. ಕೇಳಿದ ರೀತಿಯಿಂದ ಕೊಡುವವನು ಯಾರು, ಪಡೆಯುವವನು ಯಾರು ಎಂಬದೇ ತಿರುಗಿಬೀಳುತ್ತದೆ.

ಎಲ್ಲಿಗೆ ಹೋಗುತ್ತಾರೆಂಬದನ್ನೂ ಸ್ವಲ್ಪ ಯೋಚಿಸತಕ್ಕದ್ದು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ೧೮೭೪ರಲ್ಲಿ ಓಡಿತು. ಚಿತ್ತಾಪುರವೂ ಸೇಡಮ್ಮೂ ಆ ಹಾದಿಯ ಮೇಲಿವೆ. ಶಹಾಬಾದವು ಮುಂಬಯಿಯ ಹಾದಿಯಲ್ಲಿದೆ. ಚಿಂಚೋಳಿಗೆ ಇಂದಿಗೂ ರೈಲಿಲ್ಲ. ಸಾಯಂಕಾಲಕ್ಕೆ ಹಿಂದಿರುಗಬೇಕಾದವರು ಹೋಗುವದು ಹಾದಿಯ ಬದಿಯ ಊರಿಗೇ. ಹೀಗೆ ಸಿಮೆಂಟಿನ ಕಾರಖಾನೆಯ ನೆರಳಿನಲ್ಲಿರುವ ಹಳ್ಳಿಯು ಒಂದೇ ವರುಷದಲ್ಲಿ ಹಲವು ಶಿಬಿರಗಳನ್ನು ನೋಡೀತು, ಕಾಡಿನಂಚಿನ ತಾಂಡಾವು ಒಂದನ್ನೂ ನೋಡದೆ ಇದ್ದೀತು. ಯಾರಿಗೆ ಹೆಚ್ಚು ಅಗತ್ಯವೆಂದು ಕೇಳಿ ಊರನ್ನು ಆರಿಸುವವರು ಕೆಲವರೇ.

ಹಾಗಾದರೆ ಶಿಬಿರಗಳನ್ನೇ ಬಿಡಿಸಬೇಕೋ? ಬೇಡ. ತಿರಿಗಿ ಬಂದವರು ಏನು ಮಾಡಿದರೆಂಬದು ನಮ್ಮ ಮುಂದೆ ಉಂಟು. ವೇಲೂರಿನ ಐಡಾ ಸ್ಕಡ್ಡರ್ ದೊರೆಸಾನಿಯವರು ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಎತ್ತಿನ ಬಂಡಿಯಲ್ಲಿಯೂ ಆ ಮೇಲೆ ಮೋಟಾರಿನಲ್ಲಿಯೂ ಹಳ್ಳಿಯ ಹಾದಿಯನ್ನು ಹಿಡಿದು ಮರಗಳ ಕೆಳಗೆ ರೋಗಿಗಳನ್ನು ನೋಡುತ್ತಿದ್ದರು. ೧೯೧೮ರಲ್ಲಿ ಹೆಂಗಸರ ವೈದ್ಯಶಾಲೆಯನ್ನು ತೆರೆದ ಮೇಲೆ ವಿದ್ಯಾರ್ಥಿನಿಯರನ್ನೂ ಸಂಗಡ ಕರೆದುಕೊಂಡು ಹೋಗುತ್ತಿದ್ದರು. ಅದೂ ಬಯಲಿನ ಶಿಬಿರವೇ, ಅಲ್ಲಿಯೂ ಕಲಿಯುವವರೇ. ಭೇದವೇನಂದರೆ, ವಾರವಾರವೂ ಅದೇ ಹಾದಿ, ಅದೇ ಮರ. ಗುಳಿಗೆ ತೀರಿದ ಮುದುಕಿಯು ಮರದ ಕೆಳಗೆ ಕೂತು ಕಾಯಬಹುದಾಗಿತ್ತು, ಮತ್ತು ಕಾದದ್ದು ವ್ಯರ್ಥವಾಗುತ್ತಿರಲಿಲ್ಲ.

ನಮ್ಮ ಕನ್ನಡ ನಾಡಿನ ಮಾತಿಗೆ ಬಂದರೆ, ಮೈಸೂರು ವೈದ್ಯಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಎಂಬವರೂ ಅವರ ಗೆಳೆಯರೂ ೧೯೮೪ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಂಬದನ್ನು ಆರಂಭಿಸಿದರು. ಓದು ಮುಗಿಸಿ ಹೆಗ್ಗಡದೇವನಕೋಟೆಯ ಕಾಡುಜನರ ನಡುವೆ ಹೋಗಿ ನಿಂತರು. ಅವರ ಕೆಲಸದಿಂದ ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳಾದವು. ಅವರಿಗೂ ಮುಂಚೆ ಎಚ್. ಸುದರ್ಶನ ಎಂಬ ವೈದ್ಯರು ಬಿಳಿಗಿರಿರಂಗನ ಬೆಟ್ಟಕ್ಕೆ ಸೋಲಿಗರ ಬಳಿಗೆ ಹೋಗಿ ೧೯೮೧ರಲ್ಲಿ ಅಲ್ಲಿ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಇವರಾರೂ ನಮ್ಮ ಸಭೆಯವರಲ್ಲ. ಸಮಾರ್ಯದವನೂ ಯೆರೂಸಲೇಮಿನ ದೇವಾಲಯದವನಾಗಿರಲಿಲ್ಲವೆಂಬದನ್ನು ಜ್ಞಾಪಕದಲ್ಲಿಟ್ಟುಕೊಳ್ಳೋಣ.

ಎಲ್ಲರೂ ಬೆಟ್ಟದಲ್ಲಿ ನೆಲಸಲಾರರು. ಎರಡನೆಯ ವರುಷದ ಹುಡುಗಿಗೆ ಪರೀಕ್ಷೆಯುಂಟು, ತಂದೆತಾಯಿಗಳುಂಟು. ಸಮಾರ್ಯದವನು ಸಹ ಛತ್ರದಲ್ಲಿ ನೆಲಸಲಿಲ್ಲವಷ್ಟೆ. ಅವನು ಛತ್ರದವನನ್ನು ಹುಡುಕಿದನು. ನಮ್ಮ ಹಳ್ಳಿಗಳಲ್ಲಿಯೂ ಅಂಥವರುಂಟು: ಆಶಾ ಕಾರ್ಯಕರ್ತೆ, ನರ್ಸಬಾಯಿ, ಆರೋಗ್ಯ ಕೇಂದ್ರದ ವೈದ್ಯರು. ನಮ್ಮ ಶಿಬಿರದ ದಿನ ಆಶಾ ಕಾರ್ಯಕರ್ತೆಯನ್ನು ಯಾರೂ ಕರೆಯಲಿಲ್ಲ; ಆಕೆಯು ತಾನೇ ಬಂದು ಬಾಗಿಲ ಬಳಿ ನಿಂತು ನೋಡಿ ಹೋದಳು. ಬಂದವರ ಹೆಸರುಗಳ ಪಟ್ಟಿಯು ಮೋಟಾರಿನಲ್ಲಿ ಪಟ್ಟಣಕ್ಕೆ ಹೋಯಿತು. ಆ ಪಟ್ಟಿಯು ಆಕೆಯ ಕೈಗೆ ಬಂದಿದ್ದರೆ! ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೨ರಲ್ಲಿ ಪ್ರತಿಯೊಬ್ಬ ಎಂ.ಬಿ.ಬಿ.ಎಸ್. ವಿದ್ಯಾರ್ಥಿಯು ಹಳ್ಳಿಯ ಕೆಲವು ಕುಟುಂಬಗಳನ್ನು ತನ್ನವಾಗಿ ಮಾಡಿಕೊಂಡು ಓದಿನ ವರುಷಗಳಲ್ಲಿ ತಿರಿತಿರಿಗಿ ಹೋಗಿ ವಿಚಾರಿಸಬೇಕೆಂದು ಕ್ರಮವಿಟ್ಟಿತು. ಇದು ಸರಿಯಾದ ದಾರಿಯೆಂದು ನನಗೆ ತೋರುತ್ತದೆ, ಕಾಗದದ ಮೇಲೆ ಮುಗಿದುಹೋಗದೆ ಇದ್ದರೆ.

ಅರಾಮಿನ ಸೇನಾಪತಿ ನಾಮಾನನ ಮನೆಯಲ್ಲಿದ್ದ ಚಿಕ್ಕ ಹುಡುಗಿಯನ್ನು ನೆನಸಿರಿ. ಆಕೆಯು ಸೆರೆಯಾಗಿ ಬಂದವಳು. ಕುಷ್ಠಕ್ಕೆ ಔಷಧ ಅರಿಯಳು, ಮುಟ್ಟಿ ಗುಣಪಡಿಸಲಾರಳು. ಆದರೆ ಗುಣಪಡಿಸುವವನು ಯಾವ ಊರಿನಲ್ಲಿದ್ದಾನೆಂಬದನ್ನು ಬಲ್ಲಳು, ಬಲ್ಲದ್ದನ್ನು ಹೇಳಿದಳು. ವೇದದಲ್ಲಿ ಆಕೆಯ ಹೆಸರು ಸಹ ಇಲ್ಲ. ವಿದ್ಯಾರ್ಥಿಗೆ ಇವಳಿಗಿಂತ ತಕ್ಕ ಮಾದರಿಯನ್ನು ನಾನು ಕಾಣೆನು. ಇಂಥಲ್ಲಿಗೆ ಹೋಗಬೇಕು, ಇಂಥ ದಿನ ಹೋಗಬೇಕು, ಈ ಚೀಟಿಯನ್ನು ತೋರಿಸಬೇಕು, ಬಸ್ಸು ಇಷ್ಟು ಹೊತ್ತಿಗೆ ಎಂದು ಒಬ್ಬ ಮುದುಕಿಗೆ ಆಕೆಯ ಮಾತಿನಲ್ಲಿಯೇ ತಿಳಿಸುವದು ಕಡಿಮೆಯ ವೈದ್ಯವೋ?

ನಮ್ಮ ಸಭೆಗಳ ತಪ್ಪನ್ನೂ ಹೇಳದೆ ಬಿಡಲಾರೆನು. ಔಷಧಕ್ಕೆ ಸಾಲಿನಲ್ಲಿ ನಿಂತವರಿಗೆ ಪ್ರಸಂಗ ಮಾಡಿದರೆ ಆತ್ಮಗಳು ಸಿಕ್ಕಾವು ಎಂದು ಕೆಲವರು ಎಣಿಸುತ್ತಾರೆ, ನಾನೂ ಎಣಿಸಿದ್ದೆನು. ಕರ್ತನಿಂದ ಶುದ್ಧರಾದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಒಂಬತ್ತು ಮಂದಿ ಉಪಕಾರ ಹೇಳುವದಕ್ಕೂ ತಿರಿಗಿ ಬರಲಿಲ್ಲ. ಅವರ ಕುಷ್ಠವು ಮರಳಿ ಬಂತೆಂದು ನಾವು ಎಲ್ಲಿಯೂ ಓದುವದಿಲ್ಲ. ಗುಣಪಡಿಸುವದನ್ನು ಗಾಳವಾಗಿ ಮಾಡುವವನು ರೋಗಿಗೆ ಒಂದು ಬೆಲೆಯನ್ನು ಕಟ್ಟಿದ ಹಾಗಾಯಿತು.

ಈ ವರುಷ ಬೇರೊಂದು ಕಾಲೇಜಿನವರಿಂದ ಕಾಗದ ಬಂದಿದೆ. ತೊಗರಿಯ ರಾಶಿಯಾದ ಮೇಲೆ ನಮ್ಮ ಪ್ರಾರ್ಥನಾಲಯದಲ್ಲಿ ಶಿಬಿರ ನಡಿಸಲು ಇಷ್ಟಪಡುತ್ತಾರೆ. ಸಭೆಯ ಹಿರಿಯರು ಕೂಡಿ ವಿಚಾರಿಸಿ ಉತ್ತರ ಬರೆದೆವು. ಆರೋಗ್ಯ ಕೇಂದ್ರದ ವೈದ್ಯರಿಗೂ ಆಶಾ ಕಾರ್ಯಕರ್ತೆಗೂ ಮುಂಚಿತವಾಗಿ ತಿಳಿಸಿ ಅವರನ್ನು ಮೇಜಿನ ಬಳಿಯಲ್ಲೇ ಕೂಡ್ರಿಸಬೇಕೆಂದೂ, ರೋಗಿಗಳ ಪಟ್ಟಿಯ ಒಂದು ಪ್ರತಿಯನ್ನು ಇಲ್ಲಿ ಬಿಟ್ಟುಹೋಗಬೇಕೆಂದೂ, ಮೂರು ತಿಂಗಳಲ್ಲಿ ಅದೇ ವಿದ್ಯಾರ್ಥಿಗಳಲ್ಲಿ ನಾಲ್ಕು ಮಂದಿಯಾದರೂ ತಿರಿಗಿ ಬರಬೇಕೆಂದೂ ಕೇಳಿದೆವು. ನಾಲ್ಕನೆಯದನ್ನು ಗಣಿಯಲ್ಲಿ ಕೆಲಸ ಮಾಡಿದ ಒಬ್ಬ ಹಿರಿಯರು ಸೇರಿಸಿದರು: ರಾಶಿಯಾದ ಮೇಲೆ ಬೇಡ, ಆಗ ದುಡಿಯುವವರೆಲ್ಲಾ ಹೈದರಾಬಾದಿಗೂ ಪುಣೆಗೂ ಹೋಗಿರುತ್ತಾರೆ, ಊರಿನಲ್ಲಿ ಮುದುಕರೂ ಕೂಸುಗಳೂ ಮಾತ್ರ ಉಳಿಯುತ್ತಾರೆ; ದೀಪಾವಳಿಯ ಹೊತ್ತಿಗೆ ಬರಲಿ ಎಂದರು. ಕಾಲೇಜಿನವರು ಮೊದಲಿನ ಎರಡಕ್ಕೂ ದಿನದ ಬದಲಾವಣೆಗೂ ಒಪ್ಪಿದ್ದಾರೆ. ಮೂರನೆಯದನ್ನು ಕುರಿತು ಮೇಲಿನವರನ್ನು ಕೇಳಿ ಬರೆಯುವರಂತೆ.

ಆ ವಿಧವೆಯು ಈಗಲೂ ಆದಿತ್ಯವಾರ ಬಂದು ಚಾಪೆಯ ತುದಿಯಲ್ಲಿ ಗೋಡೆಗೆ ಒರಗಿ ಕೂಡ್ರುತ್ತಾಳೆ. ತಿಂಗಳ ಗುಳಿಗೆಗಳನ್ನು ಆಶಾ ಕಾರ್ಯಕರ್ತೆಯು ತಂದುಕೊಡುತ್ತಾಳೆ. ಆಕೆಯು ಎಡಗೈಯಿಂದ ಎಣಿಸಿ ತೆಗೆದುಕೊಳ್ಳುತ್ತಾಳೆ. ದೀಪಾವಳಿಗೆ ಹುಡುಗರು ಬರುತ್ತಾರೆಂದು ಹೇಳಿದಾಗ, ಅಂದು ತೋಳಿಗೆ ಪಟ್ಟಿ ಕಟ್ಟಿದ ಹುಡುಗಿಯೂ ಬರುವಳೋ ಎಂದು ತೊದಲುತ್ತಾ ಕೇಳಿದಳು. ಆ ಕಾಲೇಜು ಬೇರೆ, ಇದು ಬೇರೆ ಎಂದು ಹೇಳಿದೆನು.